ಓಡಿದ್ದಕ್ಕಲ್ಲ, ನಿಂತದ್ದಕ್ಕ ರೊಕ್ಕ ಹೋತು

ಮೊನ್ನೆ ಒಬ್ಬ ದೋಸ್ತ ಫೋನ್ ಹಚ್ಚಿ ಕೇಳಿದ, "ನಿಮ್ ಪಡದಾಗ ಆ ಬ್ಯಾಟ್ರಿ ಮ್ಯಾಲ ಓಡೂ ಗಾಲ್ಫ್ ಗಾಡಿ ಐತೆಲ್ಲಾ, ತಿಂಗಳಾ ಕರೆಂಟ್ ಬಿಲ್ ಎಷ್ಟ್ ಬರ್ತೈತಿ?" ಅಂತ. ಎಲ್ಲಾರೂ ಇದನ್ನ ಕೇಳ್ತಾರ. ಗಾಡಿ ತಂದು ಐದ್ ವರ್ಷ ಆಗಾಕ ಬಂತು, ಒಬ್ಬರೂ "ಬ್ಯಾಟ್ರಿ ಎಷ್ಟ್ ದಿನ ಬಂದ್ವು" ಅಂತ ಕೇಳಿಲ್ಲ. ತಗೊಳ್ಳೂ ಮುಂದ ನಾನೂ ಕೇಳಿರಲಿಲ್ಲ ಬಿಡ್ರಿ. ಕೇಳಿದ್ರ ಒಂದ್ ಲಕ್ಷದ ಹತ್ರ ಉಳೀತಿತ್ತು. ಅವಂಗ ಫೋನಿನಾಗ ಎಲ್ಲಾ ಹೇಳಾಕ ಆಗಲಿಲ್ಲ, ಅದಕ್ಕ ಇಲ್ಲಿ ಬರ್ಯಾಕತ್ತೀನಿ, ಉದ್ದ ಆಗ್ತೈತಿ, ಚಾ ಕುಡಕೋತ ಓದ್ರಿ.

ನಮ್ದು ವಿಜಯಪುರ ಜಿಲ್ಲಾದ ತಿಕೋಟಾ ಕಡೆ ಒಂಬತ್ತ್ ಎಕರೆ ದ್ರಾಕ್ಷಿ ಪಡ, ಅಂದ್ರ ದ್ರಾಕ್ಷಿ ತೋಟ. ಅಪ್ಪಾರಿಗೆ ಎಪ್ಪತ್ತು ದಾಟೈತಿ, ಎರಡೂ ಮೊಣಕಾಲು ಸವದಾವು, ಡಾಕ್ಟರು ಭಾಳ ಅಡ್ಡಾಡಬ್ಯಾಡ್ರಿ ಅಂದಾರ. ಆದ್ರ ಅಕ್ಟೋಬರ್ ಚಾಟ್ನಿ, ಅಂದ್ರ ಬಳ್ಳಿ ಕತ್ತರಿಸೂದು, ಆತಂದ್ರ ದಿನಾ ಮುಂಜಾನಿ ಒಂದ್ ಸುತ್ತು ಸಂಜಿ ಒಂದ್ ಸುತ್ತು ಸಾಲ್ ಸಾಲ್ ನೋಡಿ ಬರಲಿಲ್ಲ ಅಂದ್ರ ಆ ಮನಷ್ಯಾಗ ಊಟ ಸೇರಂಗಿಲ್ಲ. ಮೋಟರ್‌ಸೈಕಲ್ ಮ್ಯಾಲ ಕಾಲ ಎತ್ತಿ ಹಾಕಾಕ ಬರಂಗಿಲ್ಲ, ಟ್ರ್ಯಾಕ್ಟರ್ ಹತ್ತೂದಂತೂ ದೂರನ ಉಳೀತು. ಒಮ್ಮೆ ಹಂಪಿಗೆ ಹೋದಾಗ ವಿಠ್ಠಲ ಗುಡಿಗೆ ಪಾರ್ಕಿಂಗ್‌ನಿಂದ ಬ್ಯಾಟ್ರಿ ಗಾಡಿ ಬಿಡ್ತಾರಲ್ಲ, ಅದರಾಗ ಕುಂತು ಹೋದ್ರು. ಕಲ್ಲಿನ ರಥ ನೋಡಿದ್ರೋ ಇಲ್ಲೋ ಗೊತ್ತಿಲ್ಲ, ವಾಪಸ್ ಬರೂ ಮುಂದ ಗಾಡಿ ಹೊಡಿಯೂ ಹುಡಿಗಿಗೆ "ಇದು ಎಷ್ಟ್ ಬೀಳ್ತೈತವಾ?" ಅಂತ ಕೇಳಿದ್ರು. ಆಕಿ ನಕ್ಕಳು. ನಾ ಮಾತ್ರ ಅವತ್ತಿಂದ ಹುಡುಕಾಕ ಹತ್ತಿದೆ.

2021ರ ಜನವರಿ ಒಳಗ ಪುಣೆದಾಗ ಒಬ್ಬ ಸೆಕೆಂಡ್ ಹ್ಯಾಂಡ್ ವ್ಯಾಪಾರಿ ಹಂತ್ಯಾಕ ಒಂದು ಸಿಕ್ತು, ನಾಕ್ ಸೀಟಿಂದು, ಹಿಂದಿನ ಸೀಟ್ ಮಡಚಿದ್ರ ಹಲಗಿ ಆಗ್ತೈತಿ, ಕ್ರೇಟ್ ಇಡಾಕ ಚಲೋ. 1,85,000ಕ್ಕ ಮುಗಿಸಿದ್ವಿ, ಟೆಂಪೊ ಬಾಡಗಿ 14,000 ಬ್ಯಾರೆ. ಬ್ಯಾಟ್ರಿ "ಒಂದ್ ವರ್ಷದ್ದು, ಇನ್ನೂ ಮೂರ್ ವರ್ಷ ನೋಡಬ್ಯಾಡ್ರಿ" ಅಂದ. ನಂಬಿದೆ. ಆಮ್ಯಾಲ ಗೊತ್ತಾತು, ಕೆಲವು ಕಂಪನಿಯವ್ರು ಟರ್ಮಿನಲ್ ಮ್ಯಾಲ ಒಂದ್ ಅಕ್ಷರ ಒಂದ್ ಅಂಕಿ ಒತ್ತಿರ್ತಾರ, ಎ ಅಂದ್ರ ಜನವರಿ, ಬಿ ಅಂದ್ರ ಫೆಬ್ರವರಿ, ಅಂಕಿ ಅಂದ್ರ ಇಸ್ವಿಯ ಕಡೀ ಅಂಕಿ. ನಮ್ಮವುಗಳ ಮ್ಯಾಲ 7 ಇತ್ತು. ಅಂದ್ರ 2017ರದ್ದು! ಹಲ್ಲು ನೋಡದ ಎತ್ತು ತಂದಂಗ ಆತು. ಅಪ್ಪಾರು ಜನ್ಮದಾಗ ಹಂಗ ತಂದವರಲ್ಲ, ಸಂತ್ಯಾಗ ಬಾಯಿ ತೆಗಸಿ ನೋಡೂ ಮಂದಿ ಅವ್ರು. ಓದಿದ ಮಗ ನಾ ತಂದೆ.

ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಈ ಗಾಡಿ ಸೀಟಿನ ಕೆಳಗ ಒಂದ ದೊಡ್ಡ ಬ್ಯಾಟ್ರಿ ಇರಂಗಿಲ್ಲ. ನಮ್ದರಾಗ 8 ವೋಲ್ಟಿನ ಆರ್ ಬ್ಯಾಟ್ರಿ ಒಂದರ ಬಾಲಕ್ಕ ಇನ್ನೊಂದು ಕಟ್ಟಿರ್ತಾರ, ಎಲ್ಲಾ ಕೂಡಿ 48 ವೋಲ್ಟ್. ಕೆಲವದರಾಗ 6 ವೋಲ್ಟಿನವು ಎಂಟು, ಕೆಲವದರಾಗ 12ರವು ನಾಕು. ಒಂದೊಂದು ಇಪ್ಪತ್ತೆಂಟು ಮೂವತ್ತು ಕೆಜಿ ತೂಗತೈತಿ, ಅಂದ್ರ ಒಂದೂಮುಕ್ಕಾಲ್ ಕ್ವಿಂಟಲ್ ಸೀಸಾ ಹೊತ್ಕೊಂಡು ಓಡ್ಯಾಡ್ತೈತಿ ಗಾಡಿ. ಕಾರಿಂದೋ ಟ್ರ್ಯಾಕ್ಟರಿಂದೋ ಬ್ಯಾಟ್ರಿ ಇದಕ್ಕ ಹಾಕಾಕ ಬರಂಗಿಲ್ಲ, ಅವು ಸೆಲ್ಫ್ ಹೊಡಿಯೂ ಹೊತ್ತಿಗೆ ಒಂದ್ ಗುದ್ದು ಕೊಟ್ಟು ಕೂಡೂವು. ಇಲ್ಲಿ ತಾಸುಗಟ್ಟಲೆ ಎಳೀಬೇಕು, ದಪ್ಪ ಪ್ಲೇಟಿಂದು ಬೇಕು, ಡೀಪ್ ಸೈಕಲ್ ಅಂತಾರ.

ಗಾಡಿ ಇಳಿಸಿದ ದಿನ ಅಪ್ಪಾರು "ಇದೇನ್ ಆಟಿಗಿ ಸಾಮಾನ ತಂದಿಯಲೋ" ಅಂದ್ರು. ಮೂರನೇ ದಿನಕ್ಕ ಚಾವಿ ಅವ್ರ ಬನೇನ್ ಕಿಸೆದಾಗ. ಸಪ್ಪಳ ಇಲ್ಲ, ಹೊಗಿ ಇಲ್ಲ, ಎರಡ್ ಸಾಲಿನ ನಡುವ ಆರಾಮ ಹೋಗ್ತೈತಿ. ಕೆಲಸದವ್ರಿಗೆ ಮಾತ್ರ ತ್ರಾಸ ಆತು, ಮೊದಲ ಸಾಹುಕಾರ್ರು ಬರೂದು ಕೆಮ್ಮಿನ್ಯಾಗ ಗೊತ್ತಾಗ್ತಿತ್ತು, ಈಗ ಬೆನ್ನ ಹಿಂದ ಬಂದು ನಿಂತಾಗ ಗೊತ್ತಾಗ್ತೈತಿ. ಫೆಬ್ರವರಿ ಮಾರ್ಚ್ ಕೊಯ್ಲಿನಾಗ ಕ್ರೇಟ್ ಹೇರಿ ಒಣದ್ರಾಕ್ಷಿ ಶೆಡ್ಡಿಗೆ ಒಯ್ಯಾಕೂ ಬಂತು. ಒಂದ್ ಸಲ ಬಸವಣ್ಣನ ಗುಡಿ ತನಕ ರೋಡ್ ಮ್ಯಾಲ ಒಯ್ದಿದ್ರು, ನಾ ಬೈದೆ, ಯಾಕಂದ್ರ ಇದಕ್ಕ ನಂಬರ್ ಇಲ್ಲ ಇನ್ಶೂರೆನ್ಸ್ ಇಲ್ಲ. ಕಾಂಪೌಂಡ್ ಒಳಗ ಅಷ್ಟ ಓಡಿಸಾಕ ಮಾಡಿದ ಗಾಡಿ 1988ರ ಮೋಟಾರು ವಾಹನ ಕಾಯ್ದೆ ಲೆಕ್ಕದಾಗ ಮೋಟಾರು ವಾಹನನ ಅಲ್ಲ, ಹಂಗಂತ ರೋಡಿಗೆ ತಂದ್ರ ಕಾಯ್ದೆ ಬಿಡಂಗಿಲ್ಲ. ಏನರ ತಾಕಿದ್ರ ಮನಿಮಠ ಮಾರಬೇಕಾಗ್ತೈತಿ.

ಈಗ ಕತಿಗೆ ಬರ್ತೀನಿ. ಏಪ್ರಿಲ್ ಚಾಟ್ನಿ ಮುಗೀತು, ಮೇ ಬಿಸಲು ಹೋತು, ಜೂನ್‌ದಾಗ ಮಳಿ ಹತ್ತಿತು. ನಮ್ದು ಎರಿ ಭೂಮಿ, ಮಳಿ ಬಿದ್ರ ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಗಾಡಿ ಇಟ್ಟಂಗಿ ಆಗ್ತೈತಿ. ಅದಕ್ಕ ಗಾಡಿ ಒಯ್ದು ಶೆಡ್ಡಿನ್ಯಾಗ ನಿಂದ್ರಿಸಿ ಮ್ಯಾಲ ತಾಡಪತ್ರಿ ಹೊಚ್ಚಿದ್ವಿ. ಚಾರ್ಜ್ ಅರ್ಧಾ ಇತ್ತು. ಓಡಿಸೂದಿಲ್ಲಂದ ಮ್ಯಾಲ ಚಾರ್ಜ್ ಯಾಕ ಮಾಡೂದು, ಕರೆಂಟ್ ಉಳೀತೈತಿ, ಬ್ಯಾಟ್ರಿ ಸೈತ ಉಳೀತಾವು, ಹಿಂಗಿತ್ತು ನನ್ನ ಶಾಣ್ಯಾತನ. ನಾಕ್ ತಿಂಗಳು ಆ ಕಡೆ ತಿರುಗಿ ನೋಡಲಿಲ್ಲ.

ಅಕ್ಟೋಬರ್‌ದಾಗ ಚಾಟ್ನಿ ಹೊತ್ತಿಗೆ ತಾಡಪತ್ರಿ ತೆಗದು ಚಾವಿ ತಿರುವಿದ್ರ ಟಕ್ ಅಂತು, ಇನ್ನೂರ್ ಮಾರು ಹೋತು, ನಿಂತು ಬಿಡ್ತು. ನಾಕ್ ಮಂದಿ ದೂಡಿ ತಂದು ಚಾರ್ಜರ್ ಹಚ್ಚಿದ್ರ ಚಾರ್ಜರ್ ಚಾಲೂನ ಆಗವಲ್ದು. ಚಾರ್ಜರ್ ಕೆಟ್ಟೈತಿ ಅಂದ್ಕೊಂಡೆ. ಕೆಟ್ಟಿರಲಿಲ್ಲ. ಈಗಿನ ಚಾರ್ಜರ್‌ಗೆ ಎದುರಿಗೆ ಒಂದಿಷ್ಟರ ವೋಲ್ಟೇಜ್ ಕಾಣಬೇಕು, ತೀರಾ ಇಳದಿದ್ರ ಅಲ್ಲಿ ಬ್ಯಾಟ್ರಿನ ಇಲ್ಲ ಅಂತ ತಿಳ್ಕೊಂಡು ಸುಮ್ಮನ ಕೂಡ್ತೈತಿ.

ವಿಜಯಪುರದಾಗ ಒಬ್ಬ ಬ್ಯಾಟ್ರಿ ಚಾಚಾ ಅದಾರ, ಮೂವತ್ತ್ ವರ್ಷದಿಂದ ಅದ ಕೆಲಸ. ಅವ್ರನ್ನ ಕರ್ಕೊಂಡು ಬಂದೆ. ಆರೂ ಬ್ಯಾಟ್ರಿ ಮುಚ್ಚಳ ತೆಗದು ಹೈಡ್ರೋಮೀಟರ್ ಹಾಕಿ ಒಂದೊಂದ ಸೆಲ್ಲಿಂದು, ಅಂದ್ರ ಬ್ಯಾಟ್ರಿ ಒಳಗಿನ ಒಂದೊಂದ ಖಾನೆದು, ಗ್ರ್ಯಾವಿಟಿ ನೋಡಿದ್ರು, ಅಂದ್ರ ಆಸಿಡ್ ಎಷ್ಟ್ ಗಟ್ಟಿ ಐತಿ ಅನ್ನೂ ಅಳತಿ. ಚಲೋ ಇದ್ದ ಸೆಲ್ಲು ಫುಲ್ ಚಾರ್ಜಿನ್ಯಾಗ 1265ರಿಂದ 1280 ತೋರಸ್ತೈತಿ. ನಮ್ಮವು 1100, 1120, ಒಂದರಾಗಂತೂ ಮುಳ್ಳು ಎದ್ದೇಳಲೇ ಇಲ್ಲ. "ಭಾಯ್, ಇದನ್ನ ಓಡಿಸಿ ಕೆಡಿಸಿಲ್ಲ ನೀವು, ಮಲಗಿಸಿ ಕೆಡಿಸೀರಿ" ಅಂದ್ರು.

ಆಮ್ಯಾಲ ಚಾಚಾ ತಿಳಿಸಿ ಹೇಳಿದ್ದು ಹಿಂಗ. ಬ್ಯಾಟ್ರಿ ಇಳೀತಂದ್ರ ಪ್ಲೇಟಿನ ಮ್ಯಾಲ ಸೀಸದ ಸಲ್ಫೇಟ್ ಕೂಡ್ತೈತಿ, ಅದು ಸಹಜ. ಲಗೂನ ಚಾರ್ಜ್ ಮಾಡಿದ್ರ ಕರಗಿ ವಾಪಸ್ ಆಸಿಡ್ ಒಳಗ ಹೋಗ್ತೈತಿ. ಹಂಗ ಬಿಟ್ರ ಹರಳುಗಟ್ಟತೈತಿ, ಬೆಲ್ಲದ ಪಾಕ ಆರಿ ಪರಾತಕ್ಕ ಹತ್ತಿಕೊಂಡಂಗ. ಬಿಸಿ ಇದ್ದಾಗ ಕೈಯಾಗ ಬರ್ತೈತಿ, ಆರಿದ ಮ್ಯಾಲ ಉಳಿ ಹೊಡದ್ರೂ ಬರಂಗಿಲ್ಲ. ಆ ಮ್ಯಾಲ ಎಷ್ಟ್ ಚಾರ್ಜ್ ಕೊಟ್ರೂ ಆ ಜಾಗ ಸತ್ತಂಗ. ಅದರ ಮ್ಯಾಲ ನಿಂತ ಬ್ಯಾಟ್ರಿ ಸುಮ್ಮನೂ ಕೂಡಂಗಿಲ್ಲ, ತಾನ ಒಳಗ ಇಳಕೋತ ಹೋಗ್ತೈತಿ, ಸಕೀ ಇದ್ದಷ್ಟೂ ಜೋರ. ಇನ್ನ ಗಾಡಿ ಕಂಟ್ರೋಲರ್, ಅಂದ್ರ ಮೋಟರ್‌ಗೆ ಕರೆಂಟ್ ಅಳದು ಬಿಡೂ ಡಬ್ಬಿ, ಬ್ಯಾರೆ ಚೂರ್ ಚೂರ್ ಹೀರತಿರತೈತಿ, ಅದಕ್ಕಂತ ಸೀಟಿನ ಕೆಳಗ 'ರನ್' 'ಟೋ' ಅಂತ ಒಂದ್ ಸ್ವಿಚ್ ಇರ್ತೈತಿ, ಭಾಳ ದಿನ ನಿಂದ್ರಿಸೂದಿದ್ರ 'ಟೋ'ಕ್ಕ ಹಾಕಬೇಕಂತ. ಆ ಸ್ವಿಚ್ಚು ಗಾಡಿ ಎಳಕೊಂಡು ಹೋಗೂ ಮುಂದ ಅಷ್ಟ ಬೇಕು ಅಂತ ತಿಳಕೊಂಡಿದ್ದೆ ನಾ.

ಇಲ್ಲಿಗೆ ಬುದ್ಧಿ ಬಂತಾ? ಇಲ್ಲ. ಚಾಚಾ ಆರೂ ತೆಗೀರಿ ಅಂದ್ರು, ನಾ ಜಾಸ್ತಿ ಕೆಟ್ಟಿದ್ದು ಒಂದ ತೆಗದು ಹೊಸಾದು ಹಾಕ್ರಿ, ಉಳದಾವು ನಿಧಾನ ಚಾರ್ಜಿನ್ಯಾಗ ಎದ್ದಷ್ಟು ಏಳಲಿ ಅಂದೆ. 15,500 ಕೊಟ್ಟು ಒಂದ್ ಹೊಸಾ 8 ವೋಲ್ಟಿಂದು ಹಾಕಿಸಿದೆ. ಮುದಿ ಎತ್ತಿನ ಜೋಡಿ ಹೋರಿ ಹೂಡಿದಂಗ ಆತು. ಸಾಲಾಗಿ ಕಟ್ಟಿದ ಬ್ಯಾಟ್ರಿ ಒಳಗ ಎಲ್ಲಾದಕ್ಕೂ ಅಷ್ಟ ಕರೆಂಟ್ ಹರೀತೈತಿ, ಚಾರ್ಜರ್‌ಗೆ ಕಾಣೂದು ಒಟ್ಟು ವೋಲ್ಟ್, ಒಂದೊಂದರ ಹಣೇಬರಾ ಅದಕ್ಕ ಕಾಣಂಗಿಲ್ಲ. ಹಳೇವು ಅರ್ಧಕ್ಕ ಸುಸ್ತಾಗ್ತಾವು, ಹೊಸಾದಕ್ಕ ಪೂರಾ ಹೊಟ್ಟಿ ತುಂಬಂಗಿಲ್ಲ. ನಾಕ್ ತಿಂಗಳು ತಳ್ಳಿತು. ಫೆಬ್ರವರಿದಾಗ ಕೊಯ್ಲು ನಡದಾಗ, ಕ್ರೇಟ್ ಹೇರಿದ ಗಾಡಿ ಪಡದ ನಟ್ಟ ನಡುವ ನಿಂತು ಹಿಂದ ಬರೂ ಟ್ರ್ಯಾಕ್ಟರ್‌ಗೂ ದಾರಿ ಇಲ್ಲದಂಗ ಮಾಡ್ತು. ಅಪ್ಪಾರು ಕೆಳಗ ಇಳದು ಬಡಿಗಿ ಊರ್ಕೋತ ಮನಿಗೆ ನಡಕೊಂಡು ಬಂದ್ರು, ಒಂದ ಮಾತೂ ಆಡಲಿಲ್ಲ. ಬೈದಿದ್ರ ಚಲೋ ಇತ್ತು.

2022ರ ಮಾರ್ಚ್ ಒಂದಕ್ಕ ಆರೂ ಹೊಸಾವು ಹಾಕಿಸಿದೆ. 93,000. ಹಳೇ ಐದು ತೂಕದ ಮ್ಯಾಲ ಕೊಟ್ಟೆ, 12,000 ಬಂತು, ಕೈಯಿಂದ ಹೋಗಿದ್ದು 81,000. ಹಳೇ ಸೀಸಾ ಬ್ಯಾಟ್ರಿ ಗುಜರಿ ಹುಡುಗರಿಗೆ ಕೊಡಬ್ಯಾಡ್ರಿ, ಆಸಿಡ್ ಚರಂಡಿಗೆ ಚೆಲ್ಲತಾರ, ಹೊಸಾದು ಕೊಡೂ ಅಂಗಡಿಯವ್ರಿಗೇ ಕೊಟ್ರ ಬಿಲ್ಲಿನ್ಯಾಗ ಮುರಕೊಳ್ತಾರ. ಇನ್ನ ಆ ನಾಕ್ ತಿಂಗಳಿನ ಒಂಟಿ 8 ವೋಲ್ಟ್ ಬ್ಯಾಟ್ರಿ ಐತೆಲ್ಲಾ, ಅದು ಯಾತಕ್ಕೂ ಬರಂಗಿಲ್ಲ, ಇನ್ವರ್ಟರ್‌ಗಿಲ್ಲ, ಟ್ರ್ಯಾಕ್ಟರ್‌ಗಿಲ್ಲ. ಶೆಡ್ಡಿನ ಮೂಲ್ಯಾಗ ಕುಂತೈತಿ, ನೋಡಿದಾಗೊಮ್ಮೆ 15,500 ನೆನಪಾಗ್ತೈತಿ.

ಹೊಸಾ ಸೆಟ್ಟಿಗೆ ಹದಿನೈದ ದಿನಕ್ಕ ಮತ್ತೊಂದು ಗಂಡಾಂತರ. ಚಾಚಾ ನೀರ ನೋಡಕೋತ ಇರ್ರಿ ಅಂದಿದ್ರು, ನಾ ತೋಟದ ಹುಡುಗಗ ಹೇಳಿ ಊರಿಗೆ ಹೋಗಿದ್ದೆ. ಅವ ಪಾಪ ಮನಸಿಟ್ಟು ಕೆಲಸ ಮಾಡ್ಯಾನ, ಚಾರ್ಜಿಗೆ ಹಚ್ಚೂಕಿಂತ ಮೊದಲ ಎಲ್ಲಾ ಸೆಲ್ಲಿಗೂ ಕಂಠಮಟ ನೀರ ತುಂಬ್ಯಾನ. ಚಾರ್ಜ್ ಆಗೂ ಮುಂದ ಒಳಗಿನ ನೀರ ಉಬ್ಬತೈತಿ, ಗುಳ್ಳಿ ಏಳ್ತಾವು, ತುಂಬಿದ್ದು ಹೊರಗ ಉಕ್ಕಿ ಆಸಿಡ್ ಎಲ್ಲಾ ಟ್ರೇ ಮ್ಯಾಲ. ಕಬ್ಬಿಣ ತಿಂತು, ಕೆಳಗಿನ ಕಾಂಕ್ರೀಟ್ ಬಿಳಿ ಆತು. ಹೋದ ಆಸಿಡ್ ಹೋತು, ಮ್ಯಾಲ ನೀರ ಹಾಕಿದ್ರ ತೆಳ್ಳಗ ಆಗೂದು ಅಷ್ಟ. ಪುಣ್ಯಾಕ್ಕ ನೀರ ಬಾಟ್ಲಿದು ಹಾಕಿದ್ದ, ಬೋರಿಂದು ಹಾಕಿದ್ರ ಮುಗೀತಿತ್ತು ಕತಿ. ನಮ್ ಕಡೆ ಬೋರ್ ನೀರ ಎಂಥಾ ಸವಳು ಅಂತ ಚಾ ಮಾಡೂ ಪಾತೇಲಿ ತಳ ನೋಡಿದ್ರ ಗೊತ್ತಾಗ್ತೈತಿ, ಆ ಸುಣ್ಣ ಆ ಉಪ್ಪು ಪ್ಲೇಟಿಗೆ ವಿಷ ಇದ್ದಂಗ. ಬ್ಯಾಟ್ರಿ ನೀರ ಅಂತ ಸಿಗತೈತಿ, ಡಿಸ್ಟಿಲ್ಡ್, ಅದ ಹಾಕಬೇಕು, ಅದೂ ಚಾರ್ಜ್ ಆದ ಮ್ಯಾಲ. ಮೊದಲ ಹಾಕೂದು ಯಾವಾಗಂದ್ರ ಪ್ಲೇಟ್ ಹೊರಗ ಕಾಣಾಕತ್ತಿದ್ರ ಅಷ್ಟ, ಅದೂ ಪ್ಲೇಟ್ ಮುಳುಗೂವಷ್ಟ. ಆಸಿಡ್ ಅಂತೂ ಎಂದೂ ಹಾಕಬಾರದು. ಅಂದಂಗ ಚಾರ್ಜ್ ಆಗೂ ಮುಂದ ಹೈಡ್ರೋಜನ್ ಬರ್ತೈತಿ, ಅಪ್ಪಾರ ಗೆಳೆಯರೊಬ್ಬರು ಬೀಡಿ ಹಚ್ಚಿಕೊಂಡು ಬಗ್ಗಿ ನೋಡಾಕ ಹೋಗಿದ್ರು, ಮುಂದಿಂದು ಬರಿಯಂಗಿಲ್ಲ, ನಾ ಒದರಿದ್ದು ತಿಕೋಟಾಕ್ಕ ಕೇಳಿರಬೇಕು.

ಸಕೀದು ಇನ್ನೊಂದ್ ಲೆಕ್ಕ. ಬ್ಯಾಟ್ರಿ ಆಯುಷ್ಯ 25 ಡಿಗ್ರಿಗೆ ಹೇಳಿದ್ದಿರ್ತೈತಿ, ಅಲ್ಲಿಂದ ಮ್ಯಾಲ 10 ಡಿಗ್ರಿ ಏರಿದ್ರ ಆಯುಷ್ಯ ಅರ್ಧಾ ಆಗ್ತೈತಿ ಅನ್ನೂದು ಬ್ಯಾಟ್ರಿ ಮಂದಿ ಮೋಟ ಲೆಕ್ಕ. ನಮ್ಮಲ್ಲಿ ಏಪ್ರಿಲ್ ಮೇದಾಗ 40 ದಾಟೂದು ಏನ್ ಸುದ್ದಿ ಅಲ್ಲ, ತಗಡಿನ ಶೆಡ್ಡಿನ್ಯಾಗ ಅಂತೂ ಕೇಳಬ್ಯಾಡ್ರಿ. ಅದಕ್ಕ ಗಾಡಿನ ಈಗ ಬೇವಿನ ಗಿಡದ ಕೆಳಗ ಚಪ್ಪರ ಹಾಕಿ ನಿಂದ್ರಸ್ತೀವಿ. ಬ್ಯಾಸಗ್ಯಾಗ ಓಡಿಸಿ ತಂದ ಕೂಡ್ಲೇ ಚಾರ್ಜಿಗೆ ಹಚ್ಚಂಗಿಲ್ಲ, ಒಂದ್ ತಾಸು ಆರಿಸಿ, ಕತ್ತಲಾದ ಮ್ಯಾಲ ಹಚ್ಚೂದು.

ಇಷ್ಟೆಲ್ಲಾ ಆದ ಮ್ಯಾಲ ಅಪ್ಪಾರು ಗಾಡಿ ಜವಾಬ್ದಾರಿ ನನ್ನ ಕೈಯಾಗಿಂದ ಕಸ್ಕೊಂಡ್ರು. "ನೀ ಕಂಪ್ಯೂಟರ್ ನೋಡಕೊ" ಅಂದ್ರು. ಹಾಲಿನ ಲೆಕ್ಕ ಬರಿಯೂ ವಹಿ ಒಳಗ ಹಿಂದಿನ ಹಾಳಿಯಿಂದ ಗಾಡಿ ಲೆಕ್ಕ ಚಾಲೂ ಆತು. ತಾರೀಖು, ಎಷ್ಟ್ ಸುತ್ತು, ಮುಂಜಾನಿ ವೋಲ್ಟ್, ನೀರ ಹಾಕಿದ್ದು. ನಾ ಒಂದ್ ಮಲ್ಟಿಮೀಟರ್ ಕೊಡಿಸಿ ಎರಡ್ ಅಂಕಿ ಅಷ್ಟ ಹೇಳಿದೆ. ಚಾರ್ಜ್ ಮುಗದು ಒಂದ್ ಆರ್ ತಾಸು ಬಿಟ್ಟು ನೋಡಿದ್ರ 51ರ ಹತ್ರ ಇರಬೇಕು. ಓಡಿಸಿ ಬಂದು ಆರಿದ ಮ್ಯಾಲ 48.4 ಕಂಡ್ರ ಅರ್ಧಾ ಮುಗೀತಂತ, ಅಲ್ಲಿಗೆ ನಿಂದ್ರಿಸಿ ಚಾರ್ಜಿಗೆ ಹಚ್ಚಬೇಕು. ಸೀಸಾ ಬ್ಯಾಟ್ರಿ ಅರ್ಧಾ ತನಕ ಇಳಿಸಿ ಇಳಿಸಿ ತುಂಬಿದ್ರ ಭಾಳ ಸಲ ಬರ್ತೈತಿ, ತಳಾ ಕೆರದು ತಿಂದ್ರ ಲಗೂ ಸಾಯ್ತೈತಿ. ಅಪ್ಪಾರು ಇದನ್ನ ಹಿಡಿದಿದ್ದು ಹ್ಯಾಂಗಂದ್ರ, "ಎತ್ತಿಗೆ ಮಧ್ಯಾಹ್ನ ಕೊಳ್ಳ ಹರಿದಂಗ." ಅಷ್ಟ, ಮತ್ತ ತಿಳಿಸಿ ಹೇಳೂದು ಬರಲಿಲ್ಲ. ಮಳಿಗಾಲದಾಗ ಈಗ ಸ್ವಿಚ್ 'ಟೋ'ಕ್ಕ ಹಾಕಿ, ಹದಿನೈದು ದಿನಕ್ಕೊಮ್ಮೆ ಏಕಾದಶಿ ನೆಪ್ಪಿಟ್ಟು ಚಾರ್ಜಿಗೆ ಹಚ್ಚತಾರ. ಏಕಾದಶಿ ತಪ್ಪಂಗಿಲ್ಲ, ಅದಕ್ಕ ಚಾರ್ಜೂ ತಪ್ಪಂಗಿಲ್ಲ.

ಆ ವಹಿ ಇರೂದಕ್ಕ ಈಗ ನನಗ ಖರೇ ಲೆಕ್ಕ ಹೇಳಾಕ ಬರ್ತೈತಿ ನೋಡ್ರಿ. ನಮ್ ಬ್ಯಾಟ್ರಿ 150 ಎಎಚ್‌ವು (ಆಂಪಿಯರ್-ಅವರ್, ಎಷ್ಟ್ ಕರೆಂಟ್ ಹಿಡಿಸ್ತೈತಿ ಅನ್ನೂ ಅಳತಿ), 48 ವೋಲ್ಟಿಗೆ 150 ಗುಣಿಸಿದ್ರ 7,200 ವ್ಯಾಟ್-ಅವರ್, ಅಂದ್ರ 7.2 ಯೂನಿಟ್. ಅರ್ಧಾ ಅಷ್ಟ ಬಳಸೂದು, 3.6. ಆದ್ರ ಸೀಸಾ ಬ್ಯಾಟ್ರಿ ಕೊಟ್ಟಷ್ಟೂ ತುಂಬ್ಕೊಳ್ಳಂಗಿಲ್ಲ, ಒಂದಿಷ್ಟು ಸಕೀ ಆಗಿ ಹೋಗ್ತೈತಿ, ಗ್ವಾಡಿ ಮೀಟರ್ ಮ್ಯಾಲ ನಾಕೂವರಿ ಯೂನಿಟ್ ಬೀಳ್ತೈತಿ. ಯೂನಿಟ್ಟಿಗೆ ಎಂಟ್ ರೂಪಾಯಿ ಹಿಡಿದ್ರ 36 ರೂಪಾಯಿ. ಅಷ್ಟರಾಗ ನಮ್ ಪಡದ ಕೊರಕಲು ದಾರ್ಯಾಗ ಇಪ್ಪತ್ತ್ ಕಿಲೋಮೀಟರ್ ಮ್ಯಾಲ ಕೆಳಗ ಓಡ್ತೈತಿ. ಸೀಜನ್‌ದಾಗ ವಾರಕ್ಕ ಮೂರ್ ಸಲ ಚಾರ್ಜು, ಮಳಿಗಾಲದಾಗ ತಿಂಗಳಾ ಎರಡ್ ಸಲ ಬರೇ ಮ್ಯಾಲ ಮ್ಯಾಲ. ವರ್ಷಾ ಎಲ್ಲಾ ಕೂಡಿ 3,500 ರೂಪಾಯಿ ಕರೆಂಟು, ತಿಂಗಳಾ 290. ಇನ್ನ ಬ್ಯಾಟ್ರಿ ನೋಡ್ರಿ. 81,000ದ ಸೆಟ್ಟು 2025ರ ಸೆಪ್ಟೆಂಬರ್‌ಗೆ 43 ತಿಂಗಳು ಬಂತು, ಭಾಗಿಸಿದ್ರ ತಿಂಗಳಾ ಸುಮಾರು 1,880. ಕರೆಂಟಿಗೆ ಒಂದ್ ರೂಪಾಯಿ ಹೋದ್ರ ಬ್ಯಾಟ್ರಿಗೆ ಆರೂವರಿ ರೂಪಾಯಿ! ಅದೂ ಇಷ್ಟ್ ಜ್ವಾಪಾನ ಮಾಡಿದ ಮ್ಯಾಲ. ದೋಸ್ತ ಕೇಳಿದ ಕರೆಂಟ್ ಬಿಲ್ ಈ ಲೆಕ್ಕದಾಗ ಒಗ್ಗರಣಿ ಸಾಸಿವಿ ಇದ್ದಂಗ.

ಪಂಪ್‌ಸೆಟ್ಟಿನ ಲೈನಿಗೆ ಹಚ್ಚಿದ್ರ ಆ 290ನೂ ಉಳೀತೈತೆಲ್ಲಾ ಅಂತ ನಮ್ ಬೀಗರು ಬಂದಾಗ ಹೇಳಿದ್ರು. ಅದು 10 ಎಚ್‌ಪಿ ತನಕ ನೀರೆತ್ತೂ ಪಂಪಿಗಂತ ಸರ್ಕಾರ ಪುಕ್ಕಟೆ ಕೊಡೂ ಕರೆಂಟು, ಗಾಡಿಗೆ ಹಚ್ಚಾಕ ಬರಂಗಿಲ್ಲ, ಸಿಕ್ರ ದಂಡಾ. ಅದು ಬಿಡ್ರಿ, ಆ ತ್ರೀ ಫೇಸ್ ಯಾವಾಗ ಬರ್ತೈತಿ ಯಾವಾಗ ಹೋಗ್ತೈತಿ ಅಂತ ಪಡಾ ಮಾಡಿದವ್ರನ್ನ ಕೇಳ್ರಿ. ಸೀಸಾ ಬ್ಯಾಟ್ರಿ ಫುಲ್ ಆಗಾಕ ಎಂಟ್ ತಾಸು ಬೇಕು, ಕಡೀ ಎರಡ್ ಮೂರ್ ತಾಸಿನ್ಯಾಗ ಕರೆಂಟ್ ಕಡಿಮಿ ಎಳೀತೈತಿ ಖರೇ, ಸಲ್ಫೇಟ್ ಪೂರಾ ಕರಗೂದು ಆವಾಗ. ನಡುವ ಹೋಗಿ ಬಂದು ಹೋಗಿ ಬಂದು ಮಾಡಿದ್ರ ದಿನಾ ಮುಕ್ಕಾಲು ಹೊಟ್ಟಿ. ತೋಟದ ಮನಿ ಮೀಟರ್‌ಗೆ ಹಚ್ಚಿ ಬಿಲ್ ಕಟ್ಟೂದು ಸೋವಿ.

ಉಳದ ಖರ್ಚು ಸಣ್ಣಸಣ್ಣಾವು. ಜಾಲಿ ಮುಳ್ಳಿಗೆ ಪಂಚರ್ ಲೆಕ್ಕಾನ ಇಲ್ಲ, ಟ್ಯೂಬ್‌ಲೆಸ್ ಇರೂದ್ರಿಂದ ಬತ್ತಿ ಹಾಕೂದು ಹುಡುಗನ ಕಲ್ತಾನ. ಟೈರ್ ಮಾತ್ರ 18 ಇಂಚಿಂದು, 8 ಇಂಚಿನ ರಿಮ್ಮು, ನಮ್ ಕಡೆ ಯಾವ ಅಂಗಡ್ಯಾಗೂ ಸಿಗಂಗಿಲ್ಲ, ಪುಣೆಯಿಂದನ ತರಸಬೇಕು. ಗಾಳಿ ಕಡಿಮಿ ಇದ್ರ ಬ್ಯಾಟ್ರಿ ಲಗೂ ಇಳೀತೈತಿ, ಇದನ್ನೂ ವಹಿ ನೋಡಿ ಅಪ್ಪಾರ ಹಿಡಿದ್ರು, ಸುತ್ತು ಅಷ್ಟ, ವೋಲ್ಟ್ ಯಾಕ ಕಡಿಮಿ ಅಂತ. ಒಮ್ಮೆ ಟರ್ಮಿನಲ್ ನಟ್ಟು ಸಡಿಲ ಆಗಿ ಕೇಬಲ್ ಕಾದು ಸೀಸದ ಗೂಟಾನ ಕರಗಾಕ ಬಂದಿತ್ತು, ಈಗ ತಿಂಗಳಿಗೊಮ್ಮೆ ಪಾನಾ ಹಾಕಿ ನೋಡೂದು, ಬೂಸ್ಟು ಬಂದಿದ್ರ ಅಡಗಿ ಸೋಡಾದ ನೀರಿನಿಂದ ತೊಳದು ಒರಸಿ ವ್ಯಾಸಲಿನ್ ಹಚ್ಚೂದು. ಸೊಲೆನಾಯ್ಡ್, ಅಂದ್ರ ಮೋಟರ್‌ಗೆ ಕರೆಂಟ್ ಹಚ್ಚೂ ದೊಡ್ಡ ಸ್ವಿಚ್ಚು, ಒಮ್ಮೆ ಹೋತು, ಬ್ರೇಕ್ ಶೂ ಒಮ್ಮೆ. ಎಂಜಿನ್ ಆಯಿಲ್ ಇಲ್ಲ, ಬೆಲ್ಟ್ ಇಲ್ಲ, ಪ್ಲಗ್ ಇಲ್ಲ, ಈ ವಿಷಯದಾಗ ಗಾಡಿ ಖರೇನ ಬಂಗಾರ.

ಇನ್ನ ಎಲ್ಲಾರೂ ಹೇಳೂದು, ಸೀಸಾ ಬಿಟ್ಟು ಲಿಥಿಯಂ ಬ್ಯಾಟ್ರಿ ಹಾಕಸ್ರಿ ಅಂತ. ಬೆಳಗಾವ್ಯಾಗ ನಮ್ ಕಾಕಾನ ಮಗ ಒಂದು ಫಂಕ್ಷನ್ ಹಾಲ್ ನೋಡಕೋತಾನ, ಗೇಟಿನಿಂದ ಹಾಲ್ ತನಕ ಮುದುಕರನ್ನ, ರೇಷ್ಮಿ ಸೀರಿ ಉಟ್ಟ ಬೀಗಿತ್ಯಾರನ್ನ ಕರ್ಕೊಂಡು ಹೋಗಾಕ ಆರ್ ಸೀಟಿಂದು ಗಾಡಿ ಇಟ್ಟಾನ. ಅವ ಸೋವಿ ಸಿಗತೈತಿ ಅಂತ ಇ-ರಿಕ್ಷಾಕ್ಕ ಮಾಡಿದ ಲಿಥಿಯಂ ಪ್ಯಾಕ್ ತಂದು ಕೂಡಿಸಿದ. ಬರೇ ಗಾಡಿ ಚಲೋ ಓಡ್ತು. ಲಗ್ನದ ದಿನ ಆರ್ ಮಂದಿ ಕುಂಡ್ರಿಸಿಕೊಂಡು ಪೋರ್ಚಿನ ಇಳಿಜಾರು ಏರೂ ಮುಂದ ಫಟ್ ಅಂತ ಬಂದ್. ಗಾಲ್ಫ್ ಗಾಡಿ ಕಂಟ್ರೋಲರ್ ಏರಿನ್ಯಾಗ ಒಮ್ಮೆಲೆ ಇನ್ನೂರು ಆಂಪಿಯರ್ ಮ್ಯಾಲ ಎಳೀತೈತಿ, ಆ ಪ್ಯಾಕಿನ ಬಿಎಂಎಸ್, ಅಂದ್ರ ಒಳಗ ಕುಂತು ಪ್ಯಾಕ್ ಕಾಯೂ ಸರ್ಕೀಟು, ನೂರಕ್ಕ ಕೈ ಎತ್ತತೈತಿ. ಬೀಗರನ್ನ ಇಳಿಸಿ ದೂಡಿದ್ರಂತ. ಆಮ್ಯಾಲ ಸರಿಯಾದ ಪ್ಯಾಕ್ ಹಾಕಿಸಿದ, ಈಗ ಎರಡ್ ವರ್ಷದಿಂದ ಒಂದ್ ತಕರಾರು ಇಲ್ಲ, ನೀರ ಇಲ್ಲ, ಬೂಸ್ಟು ಇಲ್ಲ, ಊಟದ ಹೊತ್ತಿನ್ಯಾಗ ಒಂದ್ ತಾಸು ಚಾರ್ಜಿಗೆ ಹಚ್ಚಿದ್ರೂ ನಡೀತೈತಿ. ಅವಂದು ದಿನಾ ಓಡೂ ಗಾಡಿ, ಅವಂಗ ಅದ ಸರಿ.

ಈ ಗಾಡಿಗೆ ಹಾಕೂ ಲಿಥಿಯಂ ಅಂದ್ರ ಹೆಚ್ಚಾಗಿ ಲಿಥಿಯಂ ಐರನ್ ಫಾಸ್ಫೇಟು, 3.2 ವೋಲ್ಟಿನ ಸೆಲ್ಲು ಹದಿನಾರು ಕೂಡಿಸಿ 51.2 ವೋಲ್ಟ್ ಮಾಡಿರ್ತಾರ. 105 ಎಎಚ್ ಪ್ಯಾಕು ಐವತ್ತ್ ಕೆಜಿ ಒಳಗ ಇರ್ತೈತಿ, ನಮ್ ಒಂದೂಮುಕ್ಕಾಲ್ ಕ್ವಿಂಟಲ್ ಎಲ್ಲಿ ಅದು ಎಲ್ಲಿ. ನೂರಾ ಐದು ಅಂದ್ರ ಕಡಿಮಿ ಆತಲ್ಲ ಅನಬ್ಯಾಡ್ರಿ, ಅದರಾಗ ಎಂಬತ್ತು ತೊಂಬತ್ತು ಪರ್ಸೆಂಟ್ ತನಕ ಬಳಸಬಹುದು, ಸೀಸಾದಾಗ ಅರ್ಧಾ. ಸೈಕಲ್, ಅಂದ್ರ ಇಳಿಸಿ ತುಂಬೂದು, ಎರಡ್ ಸಾವಿರ ಸಲದ ಮ್ಯಾಲ ಹೇಳ್ತಾರ. ಆದ್ರ ಹಳೇ ಚಾರ್ಜರ್ ನಡಿಯಂಗಿಲ್ಲ, ಡ್ಯಾಶ್ ಮ್ಯಾಲಿನ ಹಳೇ ಮೀಟರೂ ಸುಳ್ಳ ಹೇಳ್ತೈತಿ, ಯಾಕಂದ್ರ ಲಿಥಿಯಂ ವೋಲ್ಟು ಕಡೀ ತನಕ ಹೆಚ್ಚೂಕಡಿಮಿ ಒಂದ ಲೆವೆಲ್ ಇರ್ತೈತಿ, ಆಮ್ಯಾಲ ಒಮ್ಮೆಲೆ ಬೀಳ್ತೈತಿ. ನಮ್ ಅಪ್ಪಾರ ವಹಿಗೆ ಅಲ್ಲಿ ಕೆಲಸಾನ ಇಲ್ಲ.

ನನಗ ಬಂದ ಕೊಟೇಶನ್ನು ಚಾರ್ಜರ್ ಕೂಡಿ 1,60,000. ಎಂಟ್ ವರ್ಷ ಬಂದ್ರ ವರ್ಷಕ್ಕ 20,000. ಸೀಸಾದ್ದು 81,000 ನಾಕ್ ವರ್ಷ ಬಂದ್ರ ವರ್ಷಕ್ಕ 20,250. ಅಲ್ಲಿಗಲ್ಲಿಗೆ. ಅದಕ್ಕ ಅಗ್ಗ ಯಾವದು ಅಂತ ನೋಡೂದ ದಂಡ, ಯಾರು ನೋಡಕೋತಾರ ಅಂತ ನೋಡ್ರಿ. ಮನ್ಯಾಗ ವಹಿ ಬರಿಯೂ ಮನಷ್ಯಾ ಇದ್ರ ಸೀಸಾ ನಾಕ್ ವರ್ಷ ಬರ್ತೈತಿ. ನನ್ನಂಥಾವ ನೋಡಕೊಂಡ್ರ ಒಂದ್ ಮಳಿಗಾಲ. ನನ್ನಂಥಾವ್ರಿಗೆ ಲಿಥಿಯಂ ಚಲೋ, ಅರ್ಧಾ ಚಾರ್ಜಿನ್ಯಾಗ ನಾಕ್ ತಿಂಗಳು ಬಿಟ್ರೂ ಸಿಟ್ಟಾಗಂಗಿಲ್ಲ, ಉಲ್ಟಾ ಅರ್ಧಾ ಇಟ್ಟು ನಿಂದ್ರಿಸೂದ ಅದಕ್ಕ ಆರೋಗ್ಯ, ಬಿಸಲಿನ್ಯಾಗ ಫುಲ್ ಮಾಡಿ ಇಡೂದು ಅದಕ್ಕ ಆಗಂಗಿಲ್ಲ. ಅಂದ್ರ ನಾ ಸೀಸಾಕ್ಕ ಮಾಡಿದ ತಪ್ಪು ಲಿಥಿಯಂಗೆ ಮಾಡಿದ್ರ ಅದ ಶಾಣ್ಯಾತನ ಆಗ್ತಿತ್ತು. 2022ರಾಗ ನಾ ಲಿಥಿಯಂ ಯಾಕ ಹಾಕಿಸಲಿಲ್ಲ ಅಂದ್ರ ಬ್ಯಾರೆ ಏನ್ ಕಾರಣ ಇಲ್ಲ, ಆ ವರ್ಷದ ಒಣದ್ರಾಕ್ಷಿ ಇನ್ನೂ ಕೋಲ್ಡ್ ಸ್ಟೋರೇಜಿನ್ಯಾಗ ಇತ್ತು, ಕೈಯಾಗ ರೊಕ್ಕ ಇರಲಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳಾವ್ರು ಗಾಡಿ ರೇಟ್ ಕೇಳಿದ ಕೂಡ್ಲೇ ಅದಕ್ಕ ಒಂದ್ ಲಕ್ಷ ಕೂಡಿಸಿಕೊಂಡು ಬಿಡ್ರಿ, ಬ್ಯಾಟ್ರಿ ಚಲೋ ಇದ್ರ ಲಾಭ ಅಂದ್ಕೊಳ್ರಿ. ಟರ್ಮಿನಲ್ ಮ್ಯಾಲಿನ ಅಂಕಿ ನೋಡ್ರಿ, ಹೈಡ್ರೋಮೀಟರ್ ಇನ್ನೂರ್ ಮುನ್ನೂರಕ್ಕ ಸಿಗತೈತಿ, ಕಿಸೆದಾಗ ಇಟ್ಕೊಂಡು ಹೋಗ್ರಿ. ಬರೇ ಸಾಮಾನ ಹೊರಾಕ ಬೇಕಂದ್ರ ಇ-ರಿಕ್ಷಾ ಲೋಡರ್ ನೋಡ್ರಿ, ಅರ್ಧಾ ರೊಕ್ಕ, 12 ವೋಲ್ಟಿನ ನಾಕ್ ಬ್ಯಾಟ್ರಿ ಊರ ಊರಾಗ ಸಿಗತಾವು. ನಮ್ ಅಪ್ಪಾರಿಗೆ ಮೂರ್ ಗಾಲಿ ಮ್ಯಾಲ ಬದು ಹತ್ತಿ ಇಳಿಸಾಕ ನನಗ ಧೈರ್ಯ ಬರಲಿಲ್ಲ, ಅಷ್ಟ.

ಇವತ್ ಮುಂಜಾನಿ ಇದನ್ನ ಬರಿಯೂ ಸಲುವಾಗಿ ವಹಿ ಇಸ್ಕೊಂಡು ಕುಂತಿದ್ದೆ. ಹೋದ ವಾರದ ಹಾಳಿ ಮ್ಯಾಲ ಅಪ್ಪಾರು ಕೆಂಪು ಪೆನ್ನಿನ್ಯಾಗ ಗೆರಿ ಎಳದಾರ: "ನಾಕನೇದು, ಎರಡನೇ ಸೆಲ್ಲು 1210. ಉಳದಾವು 1255 ಮ್ಯಾಲ." ಚಾಟ್ನಿಗೆ ಇನ್ನ ಮೂರ್ ವಾರ ಐತಿ. ಏನ್ ಮಾಡೂನ್ರಿ ಅಪ್ಪಾರ, ಒಂದ್ ಬದಲಿಸೂದೋ, ಆರೂ ಬದಲಿಸೂದೋ, ಲಿಥಿಯಂ ಹಾಕಿಸೂದೋ ಅಂದೆ. ಚಷ್ಮಾ ತೆಗದು ಶೆಡ್ಡಿನ ಮೂಲ್ಯಾಗ ಕುಂತ ಆ ಒಂಟಿ ಬ್ಯಾಟ್ರಿ ಕಡೆ ನೋಡಿದ್ರು, ನನ್ ಕಡೆ ನೋಡಿದ್ರು. "ಒಂದ್ ಬದಲಿಸೂದು ಅನ್ನೂದು ಬಿಟ್ಟು ಉಳದಿದ್ದು ಮಾತಾಡು" ಅಂದು ಚಾವಿ ತಗೊಂಡು ಸುತ್ತಿಗೆ ಹೊಂಟ್ರು.